ಮುಕ್ತ ತಂತ್ರಾಂಶಗಳ ಪಟ್ಟಿ: ನಿರ್ವಹಣೆಯ ಕ್ರಮ

ದಾಸ್ತಾನು ಪುಸ್ತಕದಲ್ಲಿ ನೂರು ಮೂಟೆ ಎಂದಿದ್ದು ಗೋದಾಮಿನಲ್ಲಿ ಎಪ್ಪತ್ತೇ ಇದ್ದರೆ, ಪುಸ್ತಕವನ್ನು ನಂಬಿ ಮಾಲು ಒಪ್ಪಿಕೊಂಡ ವರ್ತಕನು ನಷ್ಟಕ್ಕೆ ಗುರಿಯಾಗುತ್ತಾನೆ. ತಂತ್ರಾಂಶಗಳ ಪಟ್ಟಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೂಲ ಸಂಕೇತಗಳನ್ನು ನೋಡಲು, ತಿದ್ದಲು ಹಾಗೂ ಹಂಚಲು ಪರವಾನಗಿಯೇ ಅವಕಾಶ ನೀಡುವ ತಂತ್ರಾಂಶವು ಮುಕ್ತ ತಂತ್ರಾಂಶ. ಇಂಥವು ಸಾವಿರಾರು ಇರುವುದರಿಂದ, ಬಳಕೆದಾರರೇ ಕೂಡಿ ತಿದ್ದಬಹುದಾದ ವಿಕಿ ಪದ್ಧತಿಯ ಪಟ್ಟಿಗಳು ರೂಪುಗೊಂಡಿವೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಂಸ್ಥೆಯ 'ಫ್ರೀ ಸಾಫ್ಟ್‌ವೇರ್ ಡೈರೆಕ್ಟರಿ' 2011ರಿಂದ ಈ ಪದ್ಧತಿಯನ್ನು ಅನುಸರಿಸುತ್ತಿದೆ.

ನಮೂದುಗಳು ಹಳತಾಗುವ ಬಗೆ

1. ಯೋಜನೆ ಕವಲೊಡೆಯುವುದು: 2010ರಲ್ಲಿ ಓಪನ್ ಆಫೀಸ್‌ನಿಂದ ಲಿಬ್ರೆ ಆಫೀಸ್ ಬೇರೆಯಾಯಿತು. 2011ರಲ್ಲಿ ಒರಾಕಲ್ ಕಂಪನಿಯು ಓಪನ್ ಆಫೀಸನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಇವೆರಡಕ್ಕೂ ಪ್ರತ್ಯೇಕ ನಮೂದು ಅಗತ್ಯ.

2. ಪರವಾನಗಿ ಬದಲಾಗುವುದು: ಇಲಾಸ್ಟಿಕ್‌ಸರ್ಚ್ 2021ರಲ್ಲಿ ಮುಕ್ತ ಪರವಾನಗಿಯನ್ನು ತೊರೆಯಿತು, 2024ರಲ್ಲಿ ಮುಕ್ತ ಪರವಾನಗಿಯ ಆಯ್ಕೆಯನ್ನು ಮತ್ತೆ ಸೇರಿಸಿತು. ಮೂರು ವರ್ಷಗಳಲ್ಲಿ ಒಂದೇ ನಮೂದನ್ನು ಎರಡು ಬಾರಿ ತಿದ್ದಬೇಕಾಯಿತು.

3. ಪಟ್ಟಿಯೇ ನಿಂತುಹೋಗುವುದು: ಫ್ರೆಶ್‌ಮೀಟ್ ಎಂಬ ಪ್ರಸಿದ್ಧ ಪಟ್ಟಿಯು ಮುಂದೆ ಫ್ರೀಕೋಡ್ ಎಂಬ ಹೆಸರು ಪಡೆದು, 2014ರ ಜೂನ್ ತಿಂಗಳಲ್ಲಿ ಹೊಸ ನಮೂದುಗಳನ್ನು ನಿಲ್ಲಿಸಿತು.

ಉದ್ದಿಮೆಗೆ ಇದರ ಸಂಬಂಧ

2023ರ ಏಪ್ರಿಲ್ 1ರಂದು ಹಾಗೂ ತರುವಾಯ ಆರಂಭವಾದ ಹಣಕಾಸು ವರ್ಷಗಳಲ್ಲಿ, ಲೆಕ್ಕಕ್ಕೆ ತಂತ್ರಾಂಶ ಬಳಸುವ ಪ್ರತಿಯೊಂದು ಕಂಪನಿಯ ತಂತ್ರಾಂಶದಲ್ಲಿಯೂ ಆಡಿಟ್ ಟ್ರೇಲ್ ಇರಲೇಬೇಕು. ಲೆಕ್ಕದಲ್ಲಿ ಮಾಡಿದ ಪ್ರತಿ ಬದಲಾವಣೆಯೂ ದಿನಾಂಕಸಹಿತ ದಾಖಲಾಗಬೇಕು. ಆ ದಾಖಲೆಯ ವ್ಯವಸ್ಥೆಯನ್ನು ನಿಲ್ಲಿಸಲು ಸಾಧ್ಯವಿರಬಾರದು. ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳೂ ಇದಕ್ಕೆ ಹೊರತಲ್ಲ. ಇದಲ್ಲದೆ 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ಹಳೆಯ ಪಟ್ಟಿಯನ್ನು ನಂಬಿ, ಅಭಿವೃದ್ಧಿ ನಿಂತ ತಂತ್ರಾಂಶವನ್ನು ಅಳವಡಿಸಿಕೊಂಡ ಉದ್ದಿಮೆದಾರನು ಈ ಎರಡು ಹೊಣೆಗಳಲ್ಲಿಯೂ ಸಿಲುಕಿಕೊಳ್ಳಬಹುದು. ಉಚಿತವೆಂದು ಪಡೆದದ್ದು ಆಗ ದುಬಾರಿಯಾಗುತ್ತದೆ.

ನಿರ್ವಹಣೆಯ ಸೂತ್ರಗಳು

ಪ್ರತಿ ನಮೂದಿನಲ್ಲಿ ತಂತ್ರಾಂಶದ ಹೆಸರು, ಉಪಯೋಗ, ಪರವಾನಗಿಯ ಹೆಸರು ಮತ್ತು ಆವೃತ್ತಿ, ಕೊನೆಯ ಬಿಡುಗಡೆಯ ದಿನಾಂಕ ಹಾಗೂ ಪರಿಶೀಲಿಸಿದ ದಿನಾಂಕ ಇರಬೇಕು. ಲೆಕ್ಕದ ತಂತ್ರಾಂಶವಾದರೆ ಆಡಿಟ್ ಟ್ರೇಲ್ ಉಂಟೆ, ದತ್ತಾಂಶವನ್ನು ಬೇರೆಡೆಗೆ ವರ್ಗಾಯಿಸಬಹುದೆ ಎಂಬುದನ್ನೂ ಸೇರಿಸುವುದು ಲೇಸು. ಪಟ್ಟಿಯನ್ನು ವಿಭಾಗಗಳಾಗಿ ಹಂಚಿಕೊಂಡು, ಒಬ್ಬೊಬ್ಬರು ಮೂರು ತಿಂಗಳಿಗೊಮ್ಮೆ ತಮ್ಮ ಭಾಗವನ್ನು ಮೂಲ ಯೋಜನೆಯ ಪುಟದೊಡನೆ ತಾಳೆ ನೋಡಬೇಕು.

ಸ್ಥಗಿತಗೊಂಡ ಯೋಜನೆಯನ್ನು ಅಳಿಸಬಾರದು. ಲೆಕ್ಕದಲ್ಲಿ ತಪ್ಪು ನಮೂದನ್ನು ಕೆರೆದು ತೆಗೆಯದೆ ತಿದ್ದುಪಡಿ ನಮೂದು ಹಾಕುವಂತೆ, ಇಲ್ಲಿಯೂ 'ಸ್ಥಗಿತ' ಎಂದು ದಿನಾಂಕಸಹಿತ ಬರೆದು, ಬದಲಿ ಇದ್ದರೆ ಅದನ್ನು ಸೂಚಿಸಬೇಕು. ಯಾರು, ಯಾವಾಗ, ಏನು ತಿದ್ದಿದರೆಂಬ ಇತಿಹಾಸವನ್ನು ವಿಕಿಯೇ ಉಳಿಸಿಕೊಳ್ಳುತ್ತದೆ.

ಪಟ್ಟಿಯಿಂದ ಲಾಭ ಪಡೆಯುವವರು ಅದರಲ್ಲಿ ಕಂಡ ತಪ್ಪನ್ನು ತಿದ್ದಿಯೇ ಮುಂದೆ ಸಾಗಬೇಕು. ಒಬ್ಬ ವರ್ತಕನ ಹತ್ತು ನಿಮಿಷದ ಶ್ರಮವು ಇನ್ನೊಬ್ಬನ ಎಂಟು ವರ್ಷಗಳ ಲೆಕ್ಕವನ್ನು ಕಾಯಬಲ್ಲದು.