ಮನೋರೋಗಿಯ ಮನೆಬಾಗಿಲಿಗೆ ಹೋಗುವವರ ಶಿಕ್ಷಣ

ಮನೋರೋಗದ ಚಿಕಿತ್ಸೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದೊಡ್ಡ ಪಟ್ಟಣದ ಆಸ್ಪತ್ರೆ, ಅಲ್ಲಿಯ ತಜ್ಞ ವೈದ್ಯರು. ಆದರೆ ಹಳ್ಳಿಯ ರೋಗಿಯ ಮನೆಗೆ ಮೊದಲು ಹೋಗುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತರು. ಅವರಿಗೆ ಏನನ್ನು ಕಲಿಸಬೇಕೆಂಬುದು ವಿಚಾರ ಮಾಡತಕ್ಕ ವಿಷಯ.

ಇದರ ಪ್ರಯೋಗ ನಮ್ಮ ನಾಡಿನಲ್ಲಿಯೇ ನಡೆಯಿತೆಂಬುದನ್ನು ಬಹುಮಂದಿ ಅರಿಯರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೭೫ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕವನ್ನು ತೆರೆಯಿತು. ಸಮೀಪದ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನಡೆಯಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಆ ದಶಕದ ನಡುಭಾಗದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ಪರೀಕ್ಷಿಸಲಾಯಿತು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಕಾರ್ಯಕರ್ತರ ಪಾಲಿಗೆ ಬಂದ ಕೆಲಸ ಮಿತವಾದುದು. ಇಲ್ಲದ ಧ್ವನಿ ಕೇಳುವವನು, ಮೂರ್ಛೆ ಬೀಳುವವನು, ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಮಗು, ಇಂಥವರನ್ನು ಗುರುತಿಸಿ ವೈದ್ಯರಲ್ಲಿಗೆ ಕಳುಹಿಸುವುದು. ಅನಂತರ ಮನೆಗೆ ಹೋಗಿ ವಿಚಾರಿಸುವುದು.

ಈ ಕೊನೆಯದೇ ಕಠಿಣವೆಂದು ನನ್ನ ಅಭಿಪ್ರಾಯ. ಜ್ವರದ ಗುಳಿಗೆ ಕೆಲವು ದಿನಗಳಲ್ಲಿ ಮುಗಿಯುವುದು. ಮನೋರೋಗದ ಗುಳಿಗೆಯನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನುಂಗಬೇಕು. ಸ್ವಲ್ಪ ಗುಣ ಕಂಡೊಡನೆ 'ಇನ್ನೇಕೆ?' ಎಂದು ನಿಲ್ಲಿಸುವರು. ಕೈ ನಡುಗಿದರೆ, ಮಂಪರು ಕವಿದರೆ, ಔಷಧಿಯೇ ಕೆಡಿಸಿತೆಂದು ಹೆದರುವರು. ಅದು ಔಷಧಿಯ ಅಡ್ಡಪರಿಣಾಮವಿರಬಹುದು, ವೈದ್ಯರಿಗೆ ಹೇಳಿದರೆ ಪ್ರಮಾಣವನ್ನು ಸರಿಪಡಿಸುವರು, ತಾವಾಗಿ ನಿಲ್ಲಿಸಬಾರದು ಎಂಬಿಷ್ಟನ್ನು ಮನೆಯವರ ಮಾತಿನಲ್ಲೇ ಹೇಳಲು ಬರಬೇಕು.

ಮಾತಿನ ಪ್ರಶ್ನೆ ಸಣ್ಣದಲ್ಲ. ನಮ್ಮೂರಿನಲ್ಲಿ 'ಗಾಳಿ ಸೋಕಿದೆ' ಎಂದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಓದುಬರಹ ತಿಳಿಯದ ನನ್ನ ತಾಯಿಗೆ 'ಸ್ಕಿಜೋಫ್ರೇನಿಯ' ಎಂಬ ಶಬ್ದ ಏನು ಹೇಳೀತು? 'ರಾತ್ರಿ ನಿದ್ದೆ ಬರುತ್ತದೆಯೇನಮ್ಮ?' ಎಂದು ಕೇಳಿದರೆ ಗಂಟೆಗಟ್ಟಲೆ ಮಾತನಾಡುವರು. ಇನ್ನೊಂದು ಪ್ರಶ್ನೆಯನ್ನು ಕೇಳಲು ಕಾರ್ಯಕರ್ತರೇ ಅಂಜುವುದುಂಟು: 'ಸಾಯಬೇಕೆನಿಸುತ್ತದೆಯೇ?' ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಭಯ. ಸಂಶೋಧನೆಗಳು ಈ ಭಯಕ್ಕೆ ಆಧಾರ ಕಂಡಿಲ್ಲ. ಕೇಳುವ ಅಭ್ಯಾಸವನ್ನು ತರಬೇತಿಯಲ್ಲಿ ಎದುರುಬದುರು ಕುಳಿತು ಮಾಡಿಸಬೇಕು. ಪುಸ್ತಕದಿಂದ ಬರುವ ವಿದ್ಯೆ ಇದಲ್ಲ.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಈ ಆರೈಕೆಯನ್ನು ಪ್ರತಿಯೊಬ್ಬರ ಹಕ್ಕೆಂದಿದೆ. ಆದರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಾಣಂತಿಯರದು, ಲಸಿಕೆಯದು, ಕ್ಷಯದ್ದು ಎಂದು ಲೆಕ್ಕಗಳು ಈಗಾಗಲೇ ತುಂಬಿವೆ. ಎರಡು ದಿನ ಪಾಠ ಹೇಳಿ ಇನ್ನೊಂದು ಪುಸ್ತಕ ಕೊಟ್ಟರೆ ಆಕೆ ಅದನ್ನೂ ತುಂಬಿಸಿಕೊಟ್ಟಾಳು. ತಿಂಗಳಿಗೊಮ್ಮೆ ವೈದ್ಯರು ಆಕೆಯೊಡನೆ ಕುಳಿತು 'ಆ ಮನೆಯ ಹುಡುಗ ಈಗ ಹೇಗಿದ್ದಾನಮ್ಮ?' ಎಂದು ಕೇಳುವ ಏರ್ಪಾಡಾದರೆ ಮಾತು ಬೇರೆ.