ಲೇತ್‌ನಲ್ಲಿ ಥ್ರೆಡ್ ಹಾಕುವ ಕ್ರಮ

ಲೇತ್‌ನಲ್ಲಿ ಥ್ರೆಡ್ ಹಾಕುವಾಗ ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಸರಿಯಾಗಿ ಒಂದು ಪಿಚ್ ಮುಂದೆ ಸಾಗಿರಬೇಕು. ಈ ಲೆಕ್ಕ ಕಾಯುವುದು ಗೇರ್‌ಗಳು ಮತ್ತು ಲೀಡ್‌ಸ್ಕ್ರೂ. ಹಾಗಾಗಿ ಕೈಚಳಕಕ್ಕಿಂತ ಪೂರ್ವಸಿದ್ಧತೆಯೇ ಇಲ್ಲಿ ಮುಖ್ಯ. ಮೈಲ್ಡ್ ಸ್ಟೀಲ್ ರಾಡಿಗೆ ಎಂ20, ಅಂದರೆ 2.5 ಮಿ.ಮೀ. ಪಿಚ್‌ನ ಬಲ ಥ್ರೆಡ್ ಹಾಕುವ ಕ್ರಮ ಹೀಗಿದೆ.

ಮೊದಲು ರಾಡನ್ನು 19.8 ಮಿ.ಮೀ. ವ್ಯಾಸಕ್ಕೆ ಟರ್ನ್ ಮಾಡಬೇಕು. ಪೂರ್ತಿ 20 ಬಿಟ್ಟರೆ ನಟ್ ಬಿಗಿಯಾಗುತ್ತದೆ. ತುದಿಗೆ 45 ಡಿಗ್ರಿ ಚ್ಯಾಂಫರ್ ಕೊಟ್ಟು, ಥ್ರೆಡ್ ಮುಗಿಯುವ ಜಾಗದಲ್ಲಿ 16.5 ಮಿ.ಮೀ. ವ್ಯಾಸಕ್ಕೆ ಇಳಿಯುವ ಗ್ರೂವ್ ಹಾಕಿದರೆ ಟೂಲ್ ಹೊರಬರಲು ಎಡೆ ಸಿಗುತ್ತದೆ. ಉದ್ದ ಜಾಬ್ ಆದರೆ ಟೇಲ್‌ಸ್ಟಾಕ್ ಸೆಂಟರ್‌ನ ಆಸರೆ ಬೇಕೇ ಬೇಕು.

ಟೂಲಿನ ತುದಿ 60 ಡಿಗ್ರಿ ಕೋನದಲ್ಲಿರಬೇಕು, ಸೂಜಿಮೊನೆಯಂತಿರದೆ ಸುಮಾರು 0.36 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ಅದನ್ನು ಸೆಂಟರ್ ಎತ್ತರಕ್ಕೆ ಹೊಂದಿಸಿ, ಸೆಂಟರ್ ಗೇಜನ್ನು ಜಾಬಿಗೆ ಒರಗಿಸಿ, ಅದರ ಕಚ್ಚಿನಲ್ಲಿ ತುದಿ ಎರಡೂ ಕಡೆ ಸಮನಾಗಿ ಕೂರುವುದನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಬದಿಯಲ್ಲಿ ಬೆಳಕಿನ ಗೆರೆ ಕಂಡರೂ ಥ್ರೆಡ್ ವಾಲುತ್ತದೆ.

ಗೇರ್ ಅನುಪಾತವೆಂದರೆ ಜಾಬಿನ ಪಿಚ್ಚನ್ನು ಲೀಡ್‌ಸ್ಕ್ರೂ ಪಿಚ್‌ನಿಂದ ಭಾಗಿಸಿದ್ದು. ಲೀಡ್‌ಸ್ಕ್ರೂ 6 ಮಿ.ಮೀ. ಆದರೆ 2.5/6, ಅಂದರೆ ಸ್ಪಿಂಡಲ್ ಕಡೆ 25 ಹಲ್ಲು, ಲೀಡ್‌ಸ್ಕ್ರೂ ಕಡೆ 60 ಹಲ್ಲು. ನಡುವಿನ ಐಡ್ಲರ್ ಗೇರ್ ಲೆಕ್ಕಕ್ಕಿಲ್ಲ. ಹಳೆಯ ಲೇತ್‌ಗಳಲ್ಲಿ ಇಂಚಿಗೆ ನಾಲ್ಕು ಥ್ರೆಡ್‌ನ ಲೀಡ್‌ಸ್ಕ್ರೂ ಇರುವುದುಂಟು. ಅಲ್ಲಿ 50 ಮತ್ತು 127 ಹಲ್ಲಿನ ಜೋಡಿ ಬೇಕು. ಒಂದು ಇಂಚಿಗೆ 25.4 ಮಿ.ಮೀ. ಆಗಿರುವುದರಿಂದಲೇ ಆ ವಿಚಿತ್ರ ಸಂಖ್ಯೆ. ಗೇರ್‌ಬಾಕ್ಸ್ ಇರುವ ಯಂತ್ರದಲ್ಲಿ ಈ ತಲೆಬಿಸಿಯಿಲ್ಲ, ಪಟ್ಟಿ ನೋಡಿ ಲಿವರ್ ಹಾಕಿದರಾಯಿತು.

ಕಾಂಪೌಂಡ್ ಸ್ಲೈಡನ್ನು 29.5 ಡಿಗ್ರಿಗೆ ಬಲಕ್ಕೆ ತಿರುಗಿಸಿದರೆ ಟೂಲಿನ ಎಡ ಅಂಚು ಮಾತ್ರ ಕಡಿಯುತ್ತದೆ, ಚಿಪ್ ಸಲೀಸಾಗಿ ಹೊರಬರುತ್ತದೆ. ಟೂಲನ್ನು ಜಾಬಿಗೆ ತಾಗಿಸಿ ಕ್ರಾಸ್ ಸ್ಲೈಡ್ ಹಾಗೂ ಕಾಂಪೌಂಡ್ ಎರಡರ ಡಯಲನ್ನೂ ಸೊನ್ನೆಗೆ ತರಬೇಕು. ವೇಗ ನಿಮಿಷಕ್ಕೆ 60ರಿಂದ 80 ಸುತ್ತು ಸಾಕು.

ಮೊದಲ ಪಾಸ್ ಬರೀ ಗೀರು, 0.05 ಮಿ.ಮೀ. ಆಳ. ಯಂತ್ರ ನಿಲ್ಲಿಸಿ ಸ್ಕೇಲ್ ಇಟ್ಟರೆ ಹತ್ತು ಪಿಚ್‌ಗೆ 25 ಮಿ.ಮೀ. ಬರಬೇಕು. ಗೇರ್ ತಪ್ಪಿದ್ದರೆ ಈ ಹಂತದಲ್ಲೇ ಗೊತ್ತಾಗುತ್ತದೆ, ರಾಡ್ ಉಳಿಯುತ್ತದೆ.

ಇನ್ನು ಪ್ರತಿ ಪಾಸ್‌ಗೂ ಒಂದೇ ಸರದಿ: ಟೂಲ್ ಗ್ರೂವ್ ತಲುಪುತ್ತಲೇ ಕ್ರಾಸ್ ಸ್ಲೈಡ್ ಹಿಂದಕ್ಕೆಳೆದು ಯಂತ್ರ ನಿಲ್ಲಿಸುವುದು, ರಿವರ್ಸ್ ಕೊಟ್ಟು ಟೂಲನ್ನು ಜಾಬಿನ ಆಚೆಗೆ ತರುವುದು, ಕ್ರಾಸ್ ಸ್ಲೈಡನ್ನು ಸೊನ್ನೆಗೆ ಸೇರಿಸಿ ಕಾಂಪೌಂಡಿನಲ್ಲಿ ಫೀಡ್ ಕೊಡುವುದು. ಹಾಫ್‌ನಟ್ ಬಿಡಿಸಲೇಬಾರದು. 6 ಎಂಬುದು 2.5ರ ಪೂರ್ಣ ಗುಣಕವಲ್ಲವಾದ್ದರಿಂದ ಮತ್ತೆ ಹಾಕುವಾಗ ಟೂಲ್ ಬೇರೆ ಜಾಗದಲ್ಲಿ ಬಿದ್ದು ಥ್ರೆಡ್ ಹಾಳಾಗುತ್ತದೆ. ಜಾಬಿನಿಂದ ಸ್ವಲ್ಪ ದೂರದಲ್ಲೇ ಚಾಲೂ ಮಾಡಿದರೆ ಲೀಡ್‌ಸ್ಕ್ರೂವಿನ ಸಡಿಲ ಕಡಿತ ಶುರುವಾಗುವ ಮೊದಲೇ ತೀರುತ್ತದೆ.

ಫೀಡ್ ಆರಂಭದಲ್ಲಿ 0.25, ಬರಬರುತ್ತ 0.1, ಕೊನೆಗೆ 0.05 ಮಿ.ಮೀ. ಥ್ರೆಡ್‌ನ ಆಳ 1.53 ಮಿ.ಮೀ.; ಓರೆಯಾಗಿ ಸಾಗುವುದರಿಂದ ಕಾಂಪೌಂಡ್ ಡಯಲಿನಲ್ಲಿ ಒಟ್ಟು 1.76 ಬರುತ್ತದೆ. ಕಟಿಂಗ್ ಆಯಿಲ್ ಧಾರಾಳವಾಗಿ ಬಿಡಬೇಕು. ಚಿಪ್ ತೆಗೆಯಲು ಬ್ರಷ್ಷೇ ಸೈ, ಅದೂ ಯಂತ್ರ ನಿಂತ ಮೇಲೆ. ಬಟ್ಟೆ, ಕೈಗವಸು ಹತ್ತಿರ ಸುಳಿಯಬಾರದು.

ನಡುವೆ ಟೂಲ್ ಮೊಂಡಾಗಿ ಸಾಣೆ ಹಿಡಿಯಬೇಕಾದರೆ ಹೆದರಬೇಕಿಲ್ಲ. ಟೂಲ್ ಕೂರಿಸಿ, ಜಾಬಿಗೆ ತಾಗದಂತೆ ಮುಂದಕ್ಕೆ ಓಡಿಸಿ ನಡುದಾರಿಯಲ್ಲಿ ನಿಲ್ಲಿಸಿ, ಎರಡೂ ಸ್ಲೈಡ್ ಸರಿಸಿ ತುದಿಯನ್ನು ಹಳೆಯ ಕಚ್ಚಿನೊಳಗೆ ಕೂರಿಸಿ ಡಯಲ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ಕೊನೆಯಲ್ಲಿ ಫೀಡ್ ಕೊಡದೆ ಒಂದೆರಡು ಪಾಸ್ ಓಡಿಸಿ, ಫೈಲಿನಿಂದ ಮುಳ್ಳು ತೆಗೆದು, ಜಾಬ್ ಚಕ್‌ನಲ್ಲಿರುವಾಗಲೇ ರಿಂಗ್ ಗೇಜ್ ಅಥವಾ ಹೊಸ ನಟ್ ಹಾಕಿ ನೋಡಬೇಕು. ಬಿಗಿಯಿದ್ದರೆ ಇನ್ನೊಂದು 0.05 ಮಿ.ಮೀ. ಫೀಡ್, ನಟ್ ಬೆರಳಿನಲ್ಲೇ ಅಲುಗಾಟವಿಲ್ಲದೆ ಕೊನೆಯವರೆಗೆ ಹೋದರೆ ಜಾಬ್ ಬಿಚ್ಚಬಹುದು.