ಎಣ್ಣೆ ಒಂದೇ, ತೆರುವ ಬೆಲೆ ಬೇರೆ

ಹದಿಹರೆಯದವರ ಆಪ್ತ ಸಮಾಲೋಚನೆ ನನ್ನ ವೃತ್ತಿ. ಬೆಂಗಳೂರಿನ ದುಬಾರಿ ಶಾಲೆಗಳ ಮಕ್ಕಳೂ ಬರುತ್ತಾರೆ. ಸರ್ಕಾರಿ ಹಾಸ್ಟೆಲಿನ ಮಕ್ಕಳು, ಓದು ಬಿಟ್ಟು ಕೂಲಿಗೆ ಹೋಗುವವರೂ ಬರುತ್ತಾರೆ. ಎಲ್ಲರ ಮಾತು ಕೇಳಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಹಣವಿದ್ದ ಮಾತ್ರಕ್ಕೆ ಮಕ್ಕಳ ಕುಡಿತ ತಪ್ಪುವುದಿಲ್ಲ, ಅದರ ಪೆಟ್ಟು ಮಾತ್ರ ಎಷ್ಟೋ ಸಲ ತಪ್ಪುತ್ತದೆ. ಪೋಷಕರಿಗೆ, ಶಿಕ್ಷಕರಿಗೆ, ವಾರ್ಡನ್‌ಗಳಿಗೆ ಉಪಯೋಗಕ್ಕೆ ಬರಲೆಂದು ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ದೊಡ್ಡವರ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಓದು ಕಡಿಮೆಯಿರುವ ಗಂಡಸರಲ್ಲಿ ಕುಡಿತ ಹೆಚ್ಚು. ಇದನ್ನೇ ನಂಬಿ ‘ನಮ್ಮಂಥವರ ಮನೆಯಲ್ಲಿ ಇದೆಲ್ಲ ಇಲ್ಲ’ ಎಂದು ಸ್ಥಿತಿವಂತ ಪೋಷಕರು ನಿಶ್ಚಿಂತರಾಗುತ್ತಾರೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ 1999ರಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿದರು. ಅವರು ಅಧ್ಯಯನ ಮಾಡಿದ ಹೈಸ್ಕೂಲ್ ಮಕ್ಕಳಲ್ಲಿ ಮದ್ಯ, ಸಿಗರೇಟು, ಗಾಂಜಾ ಹೆಚ್ಚಾಗಿ ಕಂಡದ್ದು ಶ್ರೀಮಂತ ಉಪನಗರದವರಲ್ಲಿ, ನಗರದ ಬಡ ಕೇರಿಗಳವರಲ್ಲಲ್ಲ. ಬೆಂಗಳೂರಿನ ಮಕ್ಕಳ ಮಾತು ಕೇಳಿದ ನನಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

2. ‘ಯಾಕೆ ಕುಡಿದೆ’ ಎನ್ನುವ ಮೊದಲು ‘ಎಲ್ಲಿ ಸಿಕ್ಕಿತು’ ಎಂದು ಕೇಳಿ

ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆದರೂ ಸ್ಥಿತಿವಂತ ಮಗುವಿಗೆ ಅಪ್ಪನ ಕಪಾಟಿದೆ, ಗೆಳೆಯರ ಫಾರ್ಮ್‌ಹೌಸ್ ಇದೆ. ಹಳ್ಳಿಯ ಹುಡುಗನಿಗೆ ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಕದ್ದು ಮಾರುವ 90 ಎಂಎಲ್ ಪ್ಯಾಕೆಟ್ ಇದೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ; ಅದರ ಜಾಗದಲ್ಲಿ ಈಗ ಅಗ್ಗದ ವಿಸ್ಕಿ ಕೂತಿದೆ. ಅಪ್ಪನಿಗೆ ಪ್ಯಾಕೆಟ್ ತಂದುಕೊಡುವ ಹುಡುಗನಿಗೆ ಅಂಗಡಿಯ ದಾರಿ ಮೊದಲೇ ಗೊತ್ತಿರುತ್ತದೆ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಹೆಣ್ಣುಮಕ್ಕಳ ಸಿಟ್ಟಿನ ಬೇರು ಇಂಥ ಮನೆಗಳಲ್ಲಿದೆ.

ಇನ್ನೊಂದು ಮಾತು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಮದ್ಯ ಕೊಡುವವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಬೊಟ್ಟು ಮಾಡುವುದು ದೊಡ್ಡವರತ್ತ. ನಾವು ಹಿಡಿದು ನಿಲ್ಲಿಸುವುದು ಮಗುವನ್ನು.

3. ಕಾರಣ ಬೇರೆಯಾದರೆ ಮದ್ದೂ ಬೇರೆ

ಗಾರೆ ಕೆಲಸದ ಹುಡುಗ ‘ಮೈನೋವು ತಡೆಯೋಕಾಗಲ್ಲ’ ಅನ್ನುತ್ತಾನೆ. ಸಂಜೆ ಮೇಸ್ತ್ರಿಯೇ ಕರೆದು ಕುಡಿಸಿರುತ್ತಾನೆ, ದೊಡ್ಡವರ ಸಾಲಿನಲ್ಲಿ ಕೂತೆನೆಂಬ ಹೆಮ್ಮೆಯೂ ಸೇರಿರುತ್ತದೆ. ನೀಟ್, ಜೆಇಇ ಕೋಚಿಂಗಿನ ಹುಡುಗ ‘ಒಂದು ರಾತ್ರಿಯಾದರೂ ರ‍್ಯಾಂಕು ಮರೀಬೇಕು’ ಅನ್ನುತ್ತಾನೆ. ಮೊದಲನೆಯವನಿಗೆ ಬೇಕಾದದ್ದು ಬೇರೆ ಕೆಲಸ, ಇಲ್ಲವೇ ಮತ್ತೆ ಶಾಲೆ. ಎರಡನೆಯವನಿಗೆ ಬೇಕಾದದ್ದು ಅಂಕದ ಮಾತೆತ್ತದೆ ಜೊತೆಯಲ್ಲಿ ಕೂತು ಉಣ್ಣುವ ಅಪ್ಪ ಅಮ್ಮ. ಇಬ್ಬರಿಗೂ ‘ಲಿವರ್ ಹಾಳಾಗುತ್ತೆ’ ಎಂಬ ಅದೇ ಭಾಷಣ ಮಾಡಿ ಪ್ರಯೋಜನವಿಲ್ಲ.

4. ಒಂದೇ ತಪ್ಪು, ಎರಡು ಶಿಕ್ಷೆ

ನನ್ನನ್ನು ಬಹಳ ಕಾಡುವುದು ಇದು. ದುಬಾರಿ ಶಾಲೆಯ ಹುಡುಗ ಪ್ರವಾಸದಲ್ಲಿ ಕುಡಿದು ಸಿಕ್ಕಿಬಿದ್ದರೆ ಪ್ರಿನ್ಸಿಪಾಲರು ಪೋಷಕರನ್ನು ಕರೆಸುತ್ತಾರೆ, ವಿಷಯ ಗುಟ್ಟಾಗಿ ಉಳಿಯುತ್ತದೆ, ಮರುವಾರವೇ ಮನೋವೈದ್ಯರ ಭೇಟಿ. ಹಾಸ್ಟೆಲಿನ ಹುಡುಗ ಅಷ್ಟೇ ಕುಡಿದು ಸಿಕ್ಕಿಬಿದ್ದರೆ ಟ್ರಂಕು ಹೊರಗೆ. ಹಾಸ್ಟೆಲ್ ಹೋದರೆ ಊಟ ಹೋಯಿತು, ಊಟ ಹೋದರೆ ಪಿಯುಸಿ ಹೋಯಿತು. ಅವನ ತಾಯಿ ವಾರ್ಡನ್ ಎದುರು ನಿಲ್ಲಬೇಕಾದರೂ ಒಂದು ದಿನದ ಕೂಲಿ ಬಿಡಬೇಕು. ಹೊರಬಿದ್ದ ಹುಡುಗ ಸೇರುವುದು ಅದೇ ಮೇಸ್ತ್ರಿಯ ಕೈಕೆಳಗೆ. ಕುಡಿತ ಬಿಡಿಸಲೆಂದು ಕೊಟ್ಟ ಶಿಕ್ಷೆ ಕುಡಿತ ಇರುವಲ್ಲಿಗೇ ಅವನನ್ನು ತಳ್ಳುತ್ತದೆ.

ವಯಸ್ಕರ ಬಗ್ಗೆ ಸ್ಕಾಟ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದೇ ದಿಕ್ಕಿನ ಮಾತು ಹೇಳುತ್ತದೆ: ಕುಡಿಯುವ ಪ್ರಮಾಣ ಒಂದೇ ಇದ್ದರೂ ಹಿಂದುಳಿದವರಿಗೆ ಆಗುವ ಹಾನಿ ಹೆಚ್ಚು.

5. ಹುಡುಗಿಯರನ್ನು ಮರೆಯಬೇಡಿ

ಅದೇ ಕುಟುಂಬ ಸಮೀಕ್ಷೆಯಲ್ಲಿ 15 ದಾಟಿದ ಗಂಡಸರಲ್ಲಿ ಸುಮಾರು ಶೇ 19, ಹೆಂಗಸರಲ್ಲಿ ಶೇ 1 ಮಂದಿ ಕುಡಿಯುತ್ತೇವೆ ಎಂದಿದ್ದಾರೆ. ಕುಡಿದ ಹುಡುಗಿಗೆ ಸಹಾಯಕ್ಕಿಂತ ಮೊದಲು ಬೈಗುಳ ಸಿಗುತ್ತದೆ. ಬಡವರ ಮನೆಯಲ್ಲಾದರೆ ಓದು ಬಿಡಿಸಿ ಮದುವೆಯ ಮಾತೂ ಏಳಬಹುದು. ಆಕೆ ಬಾಯಿಬಿಟ್ಟಳೆಂದರೆ ಮೊದಲ ಕರ್ತವ್ಯ ಅದನ್ನು ಗುಟ್ಟಾಗಿಡುವುದು.

6. ಸಂಜೆಗೆ ಒಂದು ಜಾಗ ಕೊಡಿ

ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15–16 ವಯಸ್ಸಿನ ಶೇ 42 ಮಕ್ಕಳು ಹಿಂದಿನ ತಿಂಗಳು ಕುಡಿದು ಅಮಲೇರಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಅಲ್ಲಿನವರು ಪೋಷಕರನ್ನು ಸಂಘಟಿಸಿದರು, ಆಟ, ಸಂಗೀತ, ನೃತ್ಯಕ್ಕೆ ಸಂಜೆಯನ್ನು ತೆರೆದರು. ರಾಜಧಾನಿ ರೇಕ್ಯಾವಿಕ್ ಪ್ರತಿ ಮಗುವಿನ ಹೆಸರಲ್ಲಿ ಅದಕ್ಕೆ ಹಣ ಇಟ್ಟಿತು, ಹಾಗಾಗಿ ಬಡ ಮನೆಯ ಮಗುವೂ ಒಳಗೆ ಬಂತು. ನಮ್ಮಲ್ಲಿ ಈಜು, ಬ್ಯಾಡ್ಮಿಂಟನ್ ಶುಲ್ಕ ಕಟ್ಟುವವರ ಪಾಲು. ಸರ್ಕಾರಿ ಶಾಲೆಯ ಮೈದಾನವನ್ನು ಸಂಜೆ ಒಬ್ಬ ತರಬೇತುದಾರನೊಡನೆ ತೆರೆದಿಡುವುದು ದೊಡ್ಡ ಖರ್ಚಲ್ಲ.

7. ಎರಡನೆಯ ಅವಕಾಶ ನಿಯಮವಾಗಲಿ

ಕುಡಿದು ಸಿಕ್ಕ ಮಗುವನ್ನು ಸಮಾಲೋಚನೆಗೆ ಕಳಿಸದೆ ಹೊರಹಾಕುವುದಿಲ್ಲ ಎಂದು ಪ್ರತಿ ಹಾಸ್ಟೆಲೂ ಬರೆದಿಟ್ಟುಕೊಳ್ಳಲಿ. ತಾಯಿಯ ಕೂಲಿ ಕೆಡದಂತೆ ಸಂಜೆ ಫೋನಿನಲ್ಲಿ ಮಾತಾಡಿ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು; ಆ ಸಂಖ್ಯೆ ನೋಟಿಸ್ ಬೋರ್ಡಿನಲ್ಲಿರಲಿ. ಸ್ಥಿತಿವಂತರ ಮಗುವಿಗೆ ಕೇಳದೆಯೇ ಸಿಗುವ ಎರಡನೆಯ ಅವಕಾಶವನ್ನು ಬಡವರ ಮಗುವಿಗೆ ನಾವು ನಿಯಮ ಮಾಡಿಯೇ ಕೊಡಬೇಕು.